ಕಾರ್ಬುರೇಟರ್‌ಗೆ ಕಿಟ್ ಸಾಕೋ, ಹೊಸದೇ ಬೇಕೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಫ್ಯುಯಲ್ ಇಂಜೆಕ್ಷನ್‌ನವು. ಆದರೆ ಅದಕ್ಕಿಂತ ಮೊದಲಿನ ಲಕ್ಷಾಂತರ ಬೈಕುಗಳು ಇನ್ನೂ ರಸ್ತೆಯಲ್ಲಿವೆ, ಅವುಗಳಲ್ಲಿ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್‌ಗಳಿಗೆ ಈಗ ವಯಸ್ಸಾಗಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯದವು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ನನ್ನ ಸ್ಪ್ಲೆಂಡರ್ ಪ್ಲಸ್ 2009ರದ್ದು, 88 ಸಾವಿರ ಕಿ.ಮೀ. ಓಡಿದೆ. ಲೀಟರಿಗೆ 65 ಕೊಡುತ್ತಿದ್ದದ್ದು ಈಗ 45ಕ್ಕೆ ಇಳಿದಿದೆ. ಎಂಜಿನ್ ಬಿಸಿಯಾದ ಮೇಲೆ ಸ್ಲೋ (ರೇಸ್ ಕೊಡದಿದ್ದಾಗಿನ ಓಟ) ನಿಲ್ಲುವುದಿಲ್ಲ. ಒಮ್ಮೆ ತಾನಾಗಿ ಏರುತ್ತದೆ, ಒಮ್ಮೆ ಆಫ್ ಆಗುತ್ತದೆ. ಒಬ್ಬ ಮೆಕ್ಯಾನಿಕ್ 700 ರೂಪಾಯಿಗೆ ಕಿಟ್ ಹಾಕಿಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು 2,300 ರೂಪಾಯಿ ಆಗುತ್ತದೆ, ಹೊಸದೇ ಹಾಕಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ? — ಹಾಸನದ ಓದುಗರು

ಕಾರ್ಬುರೇಟರ್ ಬಿಚ್ಚಿ ನೋಡದೆ ಹೇಳಿದ್ದರೆ ಇಬ್ಬರ ಮಾತನ್ನೂ ಕೇಳಬೇಡಿ.

ತಪ್ಪು ಕಾರ್ಬುರೇಟರ್‌ನದೇ ಹೌದೋ ಅಲ್ಲವೋ ಎಂಬುದು ಮೊದಲು ಖಚಿತವಾಗಲಿ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ಬ್ರೇಕ್ ಹಿಡಿದುಕೊಂಡಿದ್ದರೆ, ಕ್ಲಚ್ ಜಾರುತ್ತಿದ್ದರೆ, ಟ್ಯಾಪೆಟ್ ಬಿಗಿಯಾಗಿದ್ದರೆ ಮೈಲೇಜ್ ಹೀಗೆಯೇ ಬೀಳುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಒಂದೆರಡು ಸುತ್ತು ಸಲೀಸಾಗಿ ಹೋಗದಿದ್ದರೆ ಪೆಟ್ರೋಲ್ ಬ್ರೇಕಿಗೆ ಹೋಗುತ್ತಿದೆ ಎಂದೇ ತಿಳಿಯಿರಿ. ಆಕ್ಸಿಲರೇಟರ್ ಹಿಡಿಕೆಯಲ್ಲಿ ಕೇಬಲ್ ಎಳೆಯುವ ಮೊದಲು 2ರಿಂದ 6 ಮಿ.ಮೀ. ಆಟ ಇರಬೇಕು. ಆಟವೇ ಇಲ್ಲದಿದ್ದರೆ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಸ್ಲೋ ಏರುತ್ತದೆ.

ಆಮೇಲೆ ಗಾಳಿ ಸೋರಿಕೆ ನೋಡಿ. ಕಾರ್ಬುರೇಟರ್ ಮತ್ತು ಎಂಜಿನ್ ನಡುವೆ ಇನ್ಸುಲೇಟರ್ ಇರುತ್ತದೆ, ಅದರ ಎರಡೂ ಬದಿಗೆ ಒ-ರಿಂಗ್. ಹದಿನೈದು ವರ್ಷದಲ್ಲಿ ಆ ರಬ್ಬರ್ ಚಪ್ಪಟೆಯಾಗಿ ಕಲ್ಲಿನಂತಾಗಿರುತ್ತದೆ. ಎಂಜಿನ್ ಸ್ಲೋದಲ್ಲಿ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ಆ ಜೋಡಣೆಯ ಸುತ್ತ ನೀರು ಸಿಂಪಡಿಸಿ. ಶಬ್ದ ಬದಲಾದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿದೆ. ಕೆಲವರು ಇದಕ್ಕೆ ಕಾರ್ಬ್ ಕ್ಲೀನರ್ ಬಳಸುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಆ ಸಾಹಸ ಬೇಡ. ಎಷ್ಟೋ ಬೈಕುಗಳ ಕಾಯಿಲೆ ಈ ಎರಡು ಒ-ರಿಂಗ್‌ಗಳಲ್ಲೇ ವಾಸಿಯಾಗಿಬಿಡುತ್ತದೆ.

ಇಷ್ಟೂ ಸರಿಯಿದ್ದರೆ ಕಾರ್ಬುರೇಟರ್ ಇಳಿಸಿ. ಇಲ್ಲಿ ಗೊತ್ತಿರಬೇಕಾದ ಮಾತೆಂದರೆ, ಕಿಟ್ ಬದಲಾಯಿಸುವುದು ಒಳಗಿನ ಬಿಡಿಭಾಗಗಳನ್ನು ಮಾತ್ರ. ಬಾಡಿ ಹಳೆಯದೇ ಉಳಿಯುತ್ತದೆ. ಹಾಗಾಗಿ ತೀರ್ಮಾನ ಬಾಡಿಯ ಆರೋಗ್ಯದ ಮೇಲೆ ನಿಂತಿದೆ.

ಆಕ್ಸಿಲರೇಟರ್ ಕೇಬಲ್‌ಗೆ ತೂಗುವ, ಗಾಳಿ ದಾರಿಯನ್ನು ತೆರೆದು ಮುಚ್ಚುವ ಸ್ಲೈಡನ್ನು ಹೊರತೆಗೆದು ಎಂಜಿನ್ ಕಡೆಯ ಮುಖ ನೋಡಿ. ಎಂಜಿನ್ ಎಳೆತಕ್ಕೆ ಸ್ಲೈಡ್ ಯಾವಾಗಲೂ ಆ ಬದಿಗೆ ಒತ್ತಿಕೊಂಡು ಮೇಲೆ ಕೆಳಗೆ ಆಡುತ್ತದೆ, ಸವೆತ ಮೊದಲು ಕಾಣುವುದು ಅಲ್ಲೇ. ಹೊಳಪು ಲೇಪನ ಹೋಗಿ ಒಳಗಿನ ಲೋಹ ಕಾಣುತ್ತಿದ್ದರೆ ಸ್ಲೈಡ್ ಮುಗಿದಿದೆ. ಈಗ ಸ್ಲೈಡ್ ಓಡಾಡುವ ಬಾಡಿಯ ಒಳಗೋಡೆಯ ಮೇಲೆ ಉಗುರು ಎಳೆಯಿರಿ. ಉಗುರಿಗೆ ಗೀರು ಸಿಕ್ಕಿದರೆ ಬಾಡಿಯೂ ಮುಗಿದಿದೆ. ಸ್ಲೈಡನ್ನು ಪೂರ್ತಿ ಇಳಿಸಿ ಮುಂದೆ ಹಿಂದೆ ಅಲ್ಲಾಡಿಸಿ ನೋಡುವುದೂ ಉಂಟು. ಕೊಂಚ ಆಟ ಸಹಜ, ಟಕ್ ಟಕ್ ಎಂದು ಬಡಿದರೆ ಸಹಜವಲ್ಲ. ನಿಮ್ಮ ಬೈಕಿನ ಸ್ಲೋ ಏರಿಳಿಯುವುದು ಈ ಸಂದಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಹೋಗುವುದರಿಂದ ಆಗಿರಬಹುದು. ಸ್ಲೋ ಸ್ಕ್ರೂ ಎಷ್ಟು ತಿರುಗಿಸಿದರೂ ಅದು ನಿಲ್ಲದು.

ಮೈಲೇಜ್ ನುಂಗುವ ಜಾಗ ಬೇರೆ. ಸ್ಲೈಡ್ ಕೆಳಗೆ ತೂಗುವ ನೀಡಲ್ ಮತ್ತು ಅದು ಇಳಿಯುವ ನೀಡಲ್ ಜೆಟ್ ಎಂಜಿನ್ ನಡುಕಕ್ಕೆ ಸದಾ ಉಜ್ಜಿಕೊಳ್ಳುತ್ತವೆ. ಕಾಲುಭಾಗದಿಂದ ಮುಕ್ಕಾಲು ಆಕ್ಸಿಲರೇಟರ್‌ವರೆಗೆ, ಎಂದರೆ ದಿನನಿತ್ಯ ನೀವು ಓಡಿಸುವಷ್ಟೂ ಹೊತ್ತು, ಪೆಟ್ರೋಲ್ ಅಳೆಯುವುದು ಈ ಜೋಡಿಯೇ. ಜೆಟ್‌ನ ದುಂಡಗಿನ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದರೆ ಅಳತೆ ತಪ್ಪಿ ಪೆಟ್ರೋಲ್ ಹೆಚ್ಚು ಹೋಗುತ್ತದೆ. ನೀಡಲನ್ನು ಬೆಳಕಿಗೆ ಹಿಡಿದು ತಿರುಗಿಸಿ, ಒಂದು ಪಕ್ಕ ಮಾತ್ರ ಮಂಕಾಗಿದ್ದರೆ ಅದು ಸವೆತದ ಗುರುತು. ಈ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಅಗ್ಗದ ಕಿಟ್‌ಗಳಲ್ಲಿ ಎಷ್ಟೋ ಸಲ ನೀಡಲ್ ಇರುತ್ತದೆ, ನೀಡಲ್ ಜೆಟ್ ಇರುವುದಿಲ್ಲ. ಕೊಳ್ಳುವ ಮೊದಲೇ ಪೊಟ್ಟಣ ನೋಡಿ.

ಕಿಟ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ಬೇಕಾಗುವುದು ಪೂರ್ತಿ ರೇಸ್‌ನಲ್ಲಿ ಪೆಟ್ರೋಲ್ ಅಳೆಯುವ ಮೇನ್ ಜೆಟ್, ಆದರೆ ಎಲ್ಲರೂ ಮೊದಲು ಬದಲಿಸುವುದೂ ಅದನ್ನೇ. ಹಿತ್ತಾಳೆಯ ಜೆಟ್ ಬರೀ ಪೆಟ್ರೋಲ್ ಹರಿದದ್ದಕ್ಕೆ ಸವೆಯುವುದು ತೀರಾ ನಿಧಾನ. ಯಾರಾದರೂ ತಂತಿ ತೂರಿಸಿ ಕೆಡಿಸದಿದ್ದರೆ ಹಳೆಯ ಒರಿಜಿನಲ್ ಜೆಟ್ ಹೊಸ ಡೂಪ್ಲಿಕೇಟ್‌ಗಿಂತ ಮೇಲು. ಅದನ್ನು ತೊಳೆದು ಮತ್ತೆ ಹಾಕಿ.

ಕೊನೆಯದಾಗಿ, ಕೆಳಗಿನ ಬಟ್ಟಲು (ಬೌಲ್) ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ವಾಲ್ವ್ ಕೂರುವ ಸೀಟ್. ನಿಮ್ಮ ಬೈಕಿನಂಥ ಚಿಕ್ಕ ಕೈಹಿನ್ ಕಂಪನಿಯ ಕಾರ್ಬುರೇಟರ್‌ಗಳಲ್ಲಿ ಇದನ್ನು ಸಾಮಾನ್ಯವಾಗಿ ಬಾಡಿಗೇ ಒತ್ತಿ ಕೂರಿಸಿರುತ್ತಾರೆ, ಬಿಚ್ಚಲು ಬಾರದು. ಅದರ ಅಂಚು ತಿಂದುಹೋಗಿದ್ದರೆ ಯಾವ ಕಿಟ್‌ನಿಂದಲೂ ಓವರ್‌ಫ್ಲೋ ನಿಲ್ಲುವುದಿಲ್ಲ.

ಬಾಡಿಯ ಗೋಡೆ ನುಣುಪಾಗಿದ್ದು, ಸೀಟ್ ಚೆನ್ನಾಗಿದ್ದು, ಸ್ಕ್ರೂಗಳ ಥ್ರೆಡ್ ಹಿಡಿಯುವಂತಿದ್ದರೆ 700 ರೂಪಾಯಿಯ ಕೆಲಸ ಸಾಕು, ಅಗತ್ಯವಿದ್ದರೆ ಸ್ಲೈಡೊಂದನ್ನು ಸೇರಿಸಿ. ಮೂರರಲ್ಲಿ ಒಂದು ಹೋಗಿದ್ದರೂ ಕಿಟ್‌ಗೆ ಹಾಕಿದ ಹಣ ನೀರಿಗೆ ಹಾಕಿದಂತೆ, 2,300ರದ್ದನ್ನೇ ಹಾಕಿಸಿ. 88 ಸಾವಿರ ಓಡಿದ, ಧೂಳು ರಸ್ತೆ ಕಂಡ ಬೈಕಿನಲ್ಲಿ ಎರಡನೆಯದರ ಸಾಧ್ಯತೆಯೇ ಹೆಚ್ಚು.

ಹೀರೋ ಹೋಂಡಾ ಪ್ಯಾಷನ್ ಊರ ಮನೆಯಲ್ಲಿ ಮಳೆಗಾಲವಿಡೀ ನಿಂತಿತ್ತು, ಸುಮಾರು ಐದು ತಿಂಗಳು. ಈಗ ಚೋಕ್ ಎಳೆದರೆ ಮಾತ್ರ ಓಡುತ್ತದೆ, ಚೋಕ್ ಬಿಟ್ಟ ಕೂಡಲೇ ಆಫ್. ಕಾರ್ಬುರೇಟರ್ ಬದಲಿಸಬೇಕೇ? ನಾನೇ ಬಿಚ್ಚಬಹುದೇ? — ಶಿರಸಿಯ ಓದುಗರು

ಬದಲಿಸಬೇಡಿ. ಬಿಚ್ಚಬಹುದು. ಚೋಕ್ ಎಂದರೆ ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವುದು. ಅದಿದ್ದಾಗ ಮಾತ್ರ ಓಡುತ್ತದೆ ಎಂದರೆ ಸ್ಲೋಗೆ ಬೇಕಾದ ಪೆಟ್ರೋಲ್ ತನ್ನ ದಾರಿಯಲ್ಲಿ ಬರುತ್ತಿಲ್ಲ ಎಂದರ್ಥ. ನಿಂತ ಪೆಟ್ರೋಲ್ ಆರಿ ಅಂಟಾಗಿ ಸ್ಲೋ ಜೆಟ್ ಮುಚ್ಚಿಬಿಟ್ಟಿದೆ. ಆ ಜೆಟ್‌ನ ರಂಧ್ರ ಮಿಲಿಮೀಟರಿನ ಅರ್ಧವೂ ಇಲ್ಲ. 38 ಎಂದು ಬರೆದಿದ್ದರೆ 0.38 ಮಿ.ಮೀ.

ಬಯಲಲ್ಲಿ ಕೂತು ಕೆಲಸ ಮಾಡಿ, ಹತ್ತಿರ ಬೀಡಿ ಸಿಗರೇಟು ಒಲೆ ಯಾವುದೂ ಬೇಡ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಕ್ಲೀನರ್ ಒಂದು ರಂಧ್ರಕ್ಕೆ ಹೊಡೆದರೆ ಇನ್ನೊಂದರಿಂದ ನೇರ ಮುಖಕ್ಕೆ ಚಿಮ್ಮುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್‌ನ ಡ್ರೈನ್ ಸ್ಕ್ರೂ ಸಡಿಲಿಸಿ ಇದ್ದದ್ದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ತಳದಲ್ಲಿ ಗುಂಡಗೆ ನೀರು ಕಂಡರೆ, ಕೆಂಪು ಪುಡಿ ಕಂಡರೆ ಟ್ಯಾಂಕೂ ತೊಳೆಯಬೇಕು. ಮೇಲಿನ ಮುಚ್ಚಳ ತಿರುಗಿಸಿ ಸ್ಲೈಡ್ ಎಳೆದುಕೊಳ್ಳಿ, ಎರಡು ಬೋಲ್ಟ್ ಬಿಚ್ಚಿ ಕಾರ್ಬುರೇಟರ್ ಇಳಿಸಿ. ಬೌಲ್‌ನ ಸ್ಕ್ರೂಗಳಿಗೆ ಸರಿಯಾಗಿ ಕೂರುವ ಸ್ಟಾರ್ ಡ್ರೈವರ್ ಬೇಕು, ತಲೆ ಸವೆದರೆ ಅರ್ಧ ಗಂಟೆಯ ಕೆಲಸ ಅರ್ಧ ದಿನವಾಗುತ್ತದೆ.

ಸ್ಲೋದ ಪೆಟ್ರೋಲ್-ಗಾಳಿ ಹದ ಮಾಡುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತಿಗೆ ಕೂರುತ್ತದೆ ಎಣಿಸಿ ಬರೆದಿಡಿ, ಒಂದೂವರೆ, ಎರಡು ಹೀಗೆ. ಬಲ ಹಾಕಿದರೆ ಮೊನೆ ಮುರಿದು ಬಾಡಿಯಲ್ಲೇ ಉಳಿಯುತ್ತದೆ. ಸ್ಕ್ರೂ ಹಿಂದೆ ಸ್ಪ್ರಿಂಗ್, ಪುಟ್ಟ ವಾಷರ್, ಒ-ರಿಂಗ್ ಈ ಕ್ರಮದಲ್ಲಿ ಬರುತ್ತವೆ. ಒ-ರಿಂಗ್ ಎಷ್ಟೋ ಸಲ ರಂಧ್ರದೊಳಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಇನ್ನೊಂದು ಹೊಸದನ್ನು ಹಾಕಿ ಸ್ಲೋ ಹೊಂದುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಬೇಕಾದಷ್ಟಿದ್ದಾರೆ.

ಜೆಟ್‌ಗಳನ್ನು ಬಿಚ್ಚಿ ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಬೆಳಕಿಗೆ ಹಿಡಿದರೆ ದುಂಡಗಿನ ಚುಕ್ಕಿ ಕಾಣಬೇಕು. ಕಾಣದಿದ್ದರೆ ಕರೆಂಟ್ ವೈರಿನ ಒಳಗಿನ ತಾಮ್ರದ ಒಂದೇ ಒಂದು ಎಳೆ ತೂರಿಸಿ. ಸೂಜಿ, ಪಿನ್ನು, ಸ್ಟೀಲ್ ತಂತಿ ಬೇಡವೇ ಬೇಡ, ಹಿತ್ತಾಳೆಗಿಂತ ಗಟ್ಟಿಯಾದ ಯಾವುದೂ ರಂಧ್ರವನ್ನು ದೊಡ್ಡದು ಮಾಡುತ್ತದೆ. ಜೆಟ್ ಅಷ್ಟೇ ಅಲ್ಲ, ಜೆಟ್ ಕೂರುವ ದಾರಿಯೂ ತೆರೆದಿರಬೇಕು. ಸ್ಲೋ ಜೆಟ್ ರಂಧ್ರಕ್ಕೆ ಕ್ಲೀನರ್ ಹೊಡೆದು, ಗಾಳಿ ದಾರಿಯ ಎಂಜಿನ್ ಬದಿಯಲ್ಲಿರುವ ಸಣ್ಣ ರಂಧ್ರಗಳಿಂದ ಅದು ಹೊರಬರುತ್ತದೆಯೇ ನೋಡಿ. ಟೈರ್ ಅಂಗಡಿಯ ಗಾಳಿ ಹೊಡೆಸುವುದಾದರೆ ಫ್ಲೋಟ್, ರಬ್ಬರ್ ಎಲ್ಲವನ್ನೂ ಮೊದಲು ಬಿಚ್ಚಿಟ್ಟಿರಬೇಕು.

ಜೋಡಿಸುವಾಗ ಸ್ಲೈಡ್‌ನ ಸೀಳು ಬಾಡಿಯೊಳಗಿನ ಪುಟ್ಟ ಗೂಟಕ್ಕೆ ಹೊಂದಬೇಕು. ತಿರುವುಮುರುವಾದರೆ ಆಕ್ಸಿಲರೇಟರ್ ತೆರೆದಲ್ಲೇ ಸಿಕ್ಕಿಕೊಂಡು ಎಂಜಿನ್ ಕಿರುಚುತ್ತದೆ. ಸ್ಟಾರ್ಟ್ ಮಾಡುವ ಮೊದಲು ಆಕ್ಸಿಲರೇಟರ್ ತಿರುಗಿಸಿ ಬಿಡಿ, ಟಪ್ಪೆಂದು ಸ್ಲೈಡ್ ಕೂರುವ ಸದ್ದು ಕೇಳಲೇಬೇಕು. ಹತ್ತು ನಿಮಿಷ ಓಡಿಸಿ ಬಿಸಿ ಮಾಡಿದ ಮೇಲೆ ಸ್ಲೋವನ್ನು ಸುಮಾರು 1,400 ಆರ್‌ಪಿಎಂಗೆ ತನ್ನಿ. ಮೀಟರ್ ಇಲ್ಲದಿದ್ದರೆ ನಡುಗದೆ ನಿಲ್ಲುವ ಅತಿ ಕಡಿಮೆ ವೇಗ ಎಂದು ಹಿಡಿಯಿರಿ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಆಡಿಸಿ ಎಂಜಿನ್ ಅತಿ ಚುರುಕಾಗಿ ಓಡುವಲ್ಲಿ ನಿಲ್ಲಿಸಿ, ಆಮೇಲೆ ಸ್ಲೋ ಮತ್ತೆ ಇಳಿಸಿ.

ಒಟ್ಟು ಖರ್ಚು ಒಂದು ಡಬ್ಬಿ ಕ್ಲೀನರ್, ಒಂದು ಬೌಲ್ ಪ್ಯಾಕಿಂಗ್. ಮುಂದಿನ ಮಳೆಗಾಲಕ್ಕೆ ಬೈಕ್ ನಿಲ್ಲಿಸುವಾಗ ಕಾಕ್ ಮುಚ್ಚಿ ಬೌಲ್ ಖಾಲಿ ಮಾಡಿಡಿ, ಈ ಕೆಲಸವೇ ಬೀಳುವುದಿಲ್ಲ.

ಹಳೆಯ ಕಾಸ್ಟ್ ಐರನ್ ಬುಲೆಟ್ 350. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಕೆಳಗೆ ಪೆಟ್ರೋಲ್ ಚೆಲ್ಲಿರುತ್ತದೆ. ಫ್ಲೋಟ್ ಪಿನ್ ಎರಡು ಸಲ ಬದಲಿಸಿದ್ದಾಯಿತು. ಹೊಸ ಮಿಕ್‌ಕಾರ್ಬ್ ಕಾರ್ಬುರೇಟರ್ ತರಲೇ? — ಉಡುಪಿಯ ಓದುಗರು

ಪೆಟ್ರೋಲ್ ಖರ್ಚಿಗಿಂತ ಮೊದಲು ಎಂಜಿನ್ ಆಯಿಲ್ ನೋಡಿ. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಮಟ್ಟ ಏರಿದ್ದರೆ ಓವರ್‌ಫ್ಲೋ ಹೊರಗೆ ಮಾತ್ರವಲ್ಲ, ಸಿಲಿಂಡರ್ ದಾಟಿ ಒಳಗೂ ಇಳಿದಿದೆ. ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ, ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಸೋರಿಕೆ ನಿಲ್ಲುವವರೆಗೆ ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಮುಚ್ಚಿ. ಇದು ಬುಲೆಟ್ ಇಟ್ಟುಕೊಂಡವರ ಹಳೆಯ ಅಭ್ಯಾಸ, ಈಚಿನವರು ಮರೆತಿದ್ದಾರೆ.

ನಿಮ್ಮ ಕಾರ್ಬುರೇಟರ್ ವಿಎಂ ಮಾದರಿಯದು, ಅದರಲ್ಲಿ ಫ್ಲೋಟ್ ವಾಲ್ವ್‌ನ ಸೀಟ್ ಸ್ಪ್ಯಾನರ್‌ನಿಂದ ಬಿಚ್ಚಿ ಬರುತ್ತದೆ. ಎರಡು ಸಲವೂ ಆ ವಾಲ್ವ್‌ನ ಪಿನ್ ಮಾತ್ರ ಬದಲಿಸಿ ಹಳೆಯ ಸೀಟ್ ಉಳಿಸಿದ್ದರೆ ಸೋರಿಕೆ ನಿಲ್ಲದಿರುವುದು ಸಹಜವೇ. ಪಿನ್ ಸೀಟ್ ಒಂದೇ ಸೆಟ್ ಆಗಿ, ಕೆಳಗಿನ ವಾಷರ್ ಸಮೇತ ಹಾಕಿ. ಪರೀಕ್ಷೆ ಸುಲಭ. ಬೌಲ್ ಬಿಚ್ಚಿದ ಕಾರ್ಬುರೇಟರನ್ನು ತಲೆಕೆಳಗಾಗಿ ಹಿಡಿದು, ಪೆಟ್ರೋಲ್ ಬರುವ ನಳಿಗೆಗೆ ಶುಭ್ರ ಟ್ಯೂಬ್ ಸಿಕ್ಕಿಸಿ ಬಾಯಿಂದ ಮೆಲ್ಲಗೆ ಊದಿ. ಫ್ಲೋಟ್ ಭಾರಕ್ಕೆ ವಾಲ್ವ್ ಮುಚ್ಚಿರುವುದರಿಂದ ಗಾಳಿ ಹೋಗಬಾರದು. ಫ್ಲೋಟ್ ಎತ್ತಿದರೆ ಹೋಗಬೇಕು.

ವಾಲ್ವ್ ಹಿಡಿದರೂ ಸೋರುತ್ತಿದ್ದರೆ ಫ್ಲೋಟ್ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೇಲುವುದನ್ನು ಬಿಟ್ಟಿದೆ. ಬೆಸುಗೆ ಹಾಕಿದರೆ ಭಾರ ಹೆಚ್ಚಿ ಮಟ್ಟ ಮತ್ತೆ ತಪ್ಪುತ್ತದೆ, ಹೊಸದನ್ನೇ ಹಾಕಿ. ಮೂರನೆಯದು ಟ್ಯಾಂಕಿನ ತುಕ್ಕು. ಕರಾವಳಿಯ ಉಪ್ಪುಗಾಳಿಗೆ ಹಳೆಯ ಟ್ಯಾಂಕ್ ಒಳಗಿನಿಂದ ಉದುರುತ್ತಿರುತ್ತದೆ, ಒಂದು ಕಣ ಸೀಟ್ ಮೇಲೆ ಕೂತರೂ ಸಾಕು. ಟ್ಯಾಂಕ್ ತೊಳೆಯದೆ ಹೊಸ ಮಿಕ್‌ಕಾರ್ಬ್ ತಂದರೆ ವಾರದೊಳಗೆ ಅದೂ ಸೋರುತ್ತದೆ.

ಇಷ್ಟಾಗಿಯೂ ಹೊಸದು ಬೇಕಾಗುವ ಒಂದು ಸಂದರ್ಭವಿದೆ. ಗಾಳಿ ಸೋರುತ್ತದೆಂದು ಬೋಲ್ಟ್‌ಗಳನ್ನು ಬಿಗಿದೂ ಬಿಗಿದೂ ಫ್ಲ್ಯಾಂಜ್ (ಬೋಲ್ಟ್ ಕೂರುವ ಚಪ್ಪಟೆ ಅಂಚು) ಬಿಲ್ಲಿನಂತೆ ಬಾಗಿರುತ್ತದೆ. ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಪೇಪರ್ ಇಟ್ಟು ಮುಖ ಉಜ್ಜಿ ನೋಡಿ. ಸ್ವಲ್ಪ ಬಾಗಿದ್ದರೆ ಸಮವಾಗುತ್ತದೆ. ಬೋಲ್ಟ್ ಹೋಗುವ ಫ್ಲ್ಯಾಂಜ್ ಕಿವಿಯ ಬುಡದಲ್ಲಿ ಬಿರುಕು ಕಂಡರೆ ಮಾತ್ರ ಆ ಬಾಡಿಯ ಆಸೆ ಬಿಡಿ.

ಪಲ್ಸರ್ 150 ಸ್ಲೋದಲ್ಲಿ ಚೆನ್ನಾಗಿದೆ, ಆದರೆ ಎಷ್ಟು ರೇಸ್ ಕೊಟ್ಟರೂ 50–55 ದಾಟಲು ಒದ್ದಾಡುತ್ತದೆ. ಜೆಟ್ ಕಿಟ್ ಹಾಕಿಸಿದ್ದೇನೆ, ಪ್ರಯೋಜನವಿಲ್ಲ. — ದಾವಣಗೆರೆಯ ಓದುಗರು

ನಿಮ್ಮದು ಡಯಾಫ್ರಾಮ್ ಇರುವ ಕಾರ್ಬುರೇಟರ್. ಕೇಬಲ್ ಎಳೆಯುವುದು ಒಳಗಿನ ಚಿಟ್ಟೆ ವಾಲ್ವನ್ನು, ಸ್ಲೈಡನ್ನಲ್ಲ. ಸ್ಲೈಡನ್ನು ಎತ್ತುವುದು ಎಂಜಿನ್‌ನ ಎಳೆತ, ಆ ಎಳೆತ ಹಿಡಿಯುವುದು ತೆಳು ರಬ್ಬರ್ ಪೊರೆ. ಪೊರೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಸ್ಲೈಡ್ ಅರ್ಧಕ್ಕೆ ನಿಲ್ಲುತ್ತದೆ. ಸ್ಲೋ ಮಾತ್ರ ಏನೂ ಆಗದಂತೆ ಇರುತ್ತದೆ.

ಮೇಲಿನ ಮುಚ್ಚಳ ಬಿಚ್ಚಿ ಪೊರೆಯನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ಹಿಗ್ಗಿಸಿ ನೋಡಿ. ಹರಿದಿದ್ದರೆ ಸ್ಲೈಡ್ ಸಮೇತ ಬರುವ ಸೆಟ್ ಹಾಕಿ. ಸೈಕಲ್ ಪಂಕ್ಚರ್ ಸಲ್ಯೂಷನ್, ಫೆವಿಕ್ವಿಕ್ ಯಾವುದೂ ಪೆಟ್ರೋಲ್ ಆವಿಯ ಮುಂದೆ ನಿಲ್ಲುವುದಿಲ್ಲ. ಪೊರೆಯ ಅಂಚು ಉಬ್ಬಿ ತೋಡಿನಲ್ಲಿ ಕೂರುತ್ತಿಲ್ಲವಾದರೆ ಯಾರೋ ಕ್ಲೀನರ್‌ನಲ್ಲಿ ನೆನೆಸಿದ್ದಾರೆ. ಒಂದು ರಾತ್ರಿ ಗಾಳಿಗೆ ಒಣಗಲು ಬಿಡಿ, ಹಲವು ಸಲ ಮೊದಲಿನ ಅಳತೆಗೆ ಬರುತ್ತದೆ. ಜೋಡಿಸಿದ ಮೇಲೆ ಫಿಲ್ಟರ್ ಬದಿಯಿಂದ ಬೆರಳು ಹಾಕಿ ಸ್ಲೈಡ್ ಎತ್ತಿ ಬಿಡಿ, ಅಡೆತಡೆಯಿಲ್ಲದೆ ನಯವಾಗಿ ಇಳಿಯಬೇಕು.

ಪೊರೆ ಸರಿಯಿದ್ದರೆ ಚಿಟ್ಟೆ ವಾಲ್ವ್‌ನ ಅಡ್ಡಕಡ್ಡಿ ಮೇಲೆ ಕೆಳಗೆ ಆಡುತ್ತದೆಯೇ ನೋಡಿ. ಅದು ತೂಗಾಡುತ್ತಿದ್ದರೆ ಬಾಡಿಯಲ್ಲಿ ಅದು ತಿರುಗುವ ರಂಧ್ರವೇ ಸವೆದಿದೆ, ಆಗ ಪೂರ್ತಿ ಬದಲಿಸುವುದು ಲೇಸು. ಆ ವಾಲ್ವ್‌ನ ಎರಡು ಪುಟ್ಟ ಸ್ಕ್ರೂಗಳ ತುದಿಯನ್ನು ಕಾರ್ಖಾನೆಯಲ್ಲಿ ಜಜ್ಜಿ ಕೂರಿಸಿರುತ್ತಾರೆ. ಬಿಚ್ಚಿ ಹಾಗೇ ಹಾಕಿದರೆ ಒಂದು ದಿನ ಕಳಚಿ ನೇರ ಎಂಜಿನ್ ಒಳಗೆ ಹೋಗುತ್ತದೆ. ಮುಟ್ಟಬೇಡಿ.

ಆರ್‌ಎಕ್ಸ್ 100ಕ್ಕೆ ಆನ್‌ಲೈನ್‌ನಲ್ಲಿ ‘ಒರಿಜಿನಲ್’ ಕಾರ್ಬುರೇಟರ್ ಅಗ್ಗಕ್ಕೆ ಸಿಗುತ್ತಿದೆ. ಹಳೆಯದನ್ನು ಎಸೆದು ಇದನ್ನು ಹಾಕಬಹುದೇ? — ಬೆಂಗಳೂರಿನ ಓದುಗರು

ಎಸೆಯಬೇಡಿ, ಮೊದಲು ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಆರ್‌ಎಕ್ಸ್ 100 ತಯಾರಿಕೆ 1996ಕ್ಕೇ ನಿಂತಿತು. ಗಾಡಿಯೊಂದಿಗೆ ಬಂದ ಬಾಡಿ ಹಾಳಾಗದೆ ಉಳಿದಿದ್ದರೆ ಈಗ ಸಿಗುವ ಬಹುಪಾಲು ಹೊಸದಕ್ಕಿಂತ ಮೇಲು.

ಫೋರ್ ಸ್ಟ್ರೋಕ್ ಬೈಕಿನಲ್ಲಿ ಡೂಪ್ಲಿಕೇಟ್ ಕಾರ್ಬುರೇಟರ್ ಮೈಲೇಜ್ ಕೆಡಿಸೀತು, ಪಿಕಪ್ ಕೆಡಿಸೀತು. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಸೀಜ್ ಮಾಡುತ್ತದೆ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದರೆ ಬಿಸಿ ಏರಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಅದೂ ಹೈವೇಯಲ್ಲಿ ಪೂರ್ತಿ ರೇಸ್‌ನಲ್ಲಿರುವಾಗ. ಉಳಿಸಿದ ಸಾವಿರ ರೂಪಾಯಿಗೆ ಸಿಲಿಂಡರ್ ಬೋರಿಂಗ್ ಖರ್ಚು ಬಂದು ಸೇರುತ್ತದೆ. ನಕಲಿಯ ಗುರುತುಗಳು: ಎರಕದ ಅಂಚು ಒರಟಾಗಿರುತ್ತದೆ, ಜೆಟ್ ಮೇಲೆ ಸಂಖ್ಯೆ ಇರುವುದಿಲ್ಲ ಅಥವಾ ಕೆರೆದಂತೆ ಇರುತ್ತದೆ, ಸ್ಲೈಡ್ ತಳದ ಓರೆಗೆ ನಂಬರ್ ಇರುವುದಿಲ್ಲ, ಚೋಕ್‌ನ ಕಡ್ಡಿ ಸಡಿಲವಾಗಿ ಆಡುತ್ತದೆ.

ನಿಮ್ಮ ಹಳೆಯದರಲ್ಲಿ ಏನು ತೊಂದರೆ ಎಂದು ಬರೆದಿಲ್ಲ. ಹೊಗೆ ಹೆಚ್ಚು, ಪ್ಲಗ್ ಪದೇ ಪದೇ ಕಪ್ಪಾಗುತ್ತದೆ ಎನ್ನುವುದಾದರೆ ಚೋಕ್ ಕಡ್ಡಿಯ ತುದಿಯ ರಬ್ಬರ್ ನೋಡಿ. ಅದರಲ್ಲಿ ಉಂಗುರದಂತೆ ತೋಡು ಬಿದ್ದಿದ್ದರೆ ಚೋಕ್ ಬಿಟ್ಟ ಮೇಲೂ ಪೆಟ್ರೋಲ್ ಹರಿಯುತ್ತಲೇ ಇರುತ್ತದೆ. ಬಹಳ ಮಂದಿ ಅದನ್ನು ಜೆಟ್ ದೋಷ ಎಂದುಕೊಂಡು ಇಡೀ ಕಾರ್ಬುರೇಟರ್ ಬದಲಿಸುತ್ತಾರೆ.

ಬದಲಿಸಲೇಬೇಕಾದರೆ, ಹೊಸದನ್ನು ಹಾಗೇ ಹಾಕದೆ ಹಳೆಯದರ ಜೆಟ್, ನೀಡಲ್, ಸ್ಲೈಡ್ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಈ ಗಾಡಿಯಲ್ಲಿ ಆಕ್ಸಿಲರೇಟರ್ ಕೇಬಲ್ ಕವಲೊಡೆದು ಒಂದು ತುದಿ 2ಟಿ ಆಯಿಲ್ ಪಂಪಿಗೆ ಹೋಗುತ್ತದೆ. ಕಾರ್ಬುರೇಟರ್ ಬದಲಾದಾಗ ಪಂಪ್ ಗುರುತು ಮತ್ತೆ ಹೊಂದಿಸದಿದ್ದರೆ ಪೆಟ್ರೋಲ್ ಏರಿದಷ್ಟು ಆಯಿಲ್ ಏರದು. ಕೊನೆಗೆ ಖಾಲಿ ರಸ್ತೆಯಲ್ಲಿ ಪೂರ್ತಿ ರೇಸ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಕೀ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ಹುರಿದ ಕಾಫಿ ಬೀಜದ ಬಣ್ಣ ಚೆನ್ನ. ಸುಣ್ಣದಂತೆ ಬೆಳ್ಳಗಿದ್ದರೆ ಅಲ್ಲಿಂದ ಮುಂದೆ ಓಡಿಸದೆ ಮನೆಗೆ ನಿಧಾನ ಬನ್ನಿ.

ಯೆಜ್ಡಿ ರೋಡ್‌ಕಿಂಗ್‌ನ ಕಾರ್ಬುರೇಟರ್ ಬಾಡಿಯೇ ಸವೆದಿದೆ ಎಂದು ಹೇಳಿದ್ದಾರೆ. ಬೇರೆ ಕಂಪನಿಯದು ಕೂರಿಸಬಹುದೇ? — ಮೈಸೂರಿನ ಓದುಗರು

ಯೆಜ್ಡಿ ತಯಾರಿಸುತ್ತಿದ್ದ ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಕಂಪನಿಯಿಂದ ಹೊಸ ಬಿಡಿಭಾಗ ಬರುವುದು ನಿಂತಿತು. ಹಾಗಾಗಿ ಬೇರೆ ಬೈಕುಗಳಿಗೆ ಹೇಳುವುದಕ್ಕೆ ತದ್ವಿರುದ್ಧ ಮಾತು ನಿಮಗೆ: ಸವೆದ ಬಾಡಿಯನ್ನೂ ಉಳಿಸಿಕೊಳ್ಳಲು ನೋಡಿ. ಒಳ್ಳೆಯ ಲೇತ್ ಕೆಲಸಗಾರರು ಸಿಕ್ಕರೆ ಸ್ಲೈಡ್‌ಗೆ ಸ್ಲೀವ್ ಹಾಕಿಸಿ ಬಾಡಿಯ ಅಳತೆಗೆ ತರಬಹುದು. ಬೇರೆಯದು ಕೂರಿಸುವುದಾದರೆ ಗಾಳಿ ದಾರಿಯ ವ್ಯಾಸ, ಬೋಲ್ಟ್ ಅಂತರ ಎರಡೂ ಹೊಂದಬೇಕು, ಜತೆಗೆ ಅದು ಟೂ ಸ್ಟ್ರೋಕ್‌ಗೆಂದೇ ಮಾಡಿದ ನೀಡಲ್ ಜೆಟ್ ಇರುವುದಾಗಿರಬೇಕು. ಯೆಜ್ಡಿಗೆ ಆಯಿಲ್ ಹೋಗುವುದು ಪೆಟ್ರೋಲ್ ಜತೆ ಬೆರೆತೇ. ಚಿಕ್ಕ ಜೆಟ್ ಹಾಕಿ ಮೈಲೇಜ್ ಎಳೆಯಲು ಹೋದರೆ ಪೆಟ್ರೋಲ್ ಕಡಿಮೆಯಾದಷ್ಟೂ ಆಯಿಲೂ ಕಡಿಮೆಯಾಗುತ್ತದೆ.

ಇ20 ಪೆಟ್ರೋಲ್ ಬಂದ ಮೇಲೆ ಬೈಕ್ ಬೆಳಗ್ಗೆ ಬೇಗ ಹಿಡಿಯುವುದಿಲ್ಲ, ಮೈಲೇಜೂ ಇಳಿದಿದೆ. ಇದಕ್ಕೆಂದೇ ಹೊಸ ಕಾರ್ಬುರೇಟರ್ ಇದೆಯೇ? — ಮಂಡ್ಯದ ಓದುಗರು

ನಿಮ್ಮ ಕಬ್ಬೇ ಎಥೆನಾಲ್ ಆಗಿ, ಪೆಟ್ರೋಲ್‌ನಲ್ಲಿ ಶೇ 20ರಷ್ಟು ಬೆರೆತು, ಬಂಕಿಗೆ ಮರಳಿದೆ. ಹೊಸ ಕಾರ್ಬುರೇಟರ್ ಬೇಕಿಲ್ಲ, ಹೊಂದಾಣಿಕೆ ಬೇಕು.

ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಶೇ 20 ಬೆರೆಸಿದರೆ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಇಂಜೆಕ್ಷನ್ ಬೈಕಿನಲ್ಲಿ ಸೆನ್ಸರ್ ಇದನ್ನು ಗಮನಿಸಿ ತಿದ್ದಿಕೊಳ್ಳುತ್ತದೆ. ಕಾರ್ಬುರೇಟರ್‌ನ ಜೆಟ್‌ಗೆ ಅದು ಗೊತ್ತಾಗದು, ಹಳೆಯ ಅಳತೆಯಲ್ಲೇ ಹರಿಸುತ್ತದೆ. ಹಾಗಾಗಿ ಮಿಶ್ರಣ ಗಾಳಿಯ ಕಡೆಗೆ ವಾಲುತ್ತದೆ. ಜತೆಗೆ ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ನ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ, ಮೈಲೇಜ್ ಸ್ವಲ್ಪ ಇಳಿಯುವುದನ್ನು ಯಾವ ರಿಪೇರಿಯೂ ತಡೆಯದು.

ಮೊದಲು ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಹೆಚ್ಚು ಪೆಟ್ರೋಲ್ ಬರುವ ಕಡೆ ತಿರುಗಿಸಿ. ದಿಕ್ಕು ಎಲ್ಲದಕ್ಕೂ ಒಂದೇ ಅಲ್ಲ. ಸ್ಕ್ರೂ ಏರ್ ಫಿಲ್ಟರ್ ಬದಿಗಿದ್ದರೆ ಅದು ಗಾಳಿಯದು, ಒಳಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು. ಎಂಜಿನ್ ಬದಿಗಿದ್ದರೆ ಪೆಟ್ರೋಲ್‌ನದು, ಹೊರಗೆ ತಿರುಗಿಸಿದರೆ ಹೆಚ್ಚು. ಆಮೇಲೆ ನೀಡಲ್‌ಗೆ ಹಲವು ಗೆರೆ ಇದ್ದರೆ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿ, ನೀಡಲ್ ಮೇಲೇರಿ ಪೆಟ್ರೋಲ್ ಹೆಚ್ಚು ಬರುತ್ತದೆ. ಇವೆರಡೂ ಸಾಲದಿದ್ದರೆ ಮಾತ್ರ ಮೇನ್ ಜೆಟ್. ಕೈಹಿನ್‌ನಲ್ಲಿ 90ರ ಬದಲು 92 ಹಾಕಿದರೆ ರಂಧ್ರದ ವಿಸ್ತಾರ ಸುಮಾರು ಶೇ 4.5 ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಜಿಗಿತ ಬೇಡ.

ಈ ಸಲ ಬಿಚ್ಚಿದಾಗ ಹಳೆಯ ಒ-ರಿಂಗ್, ಬೌಲ್ ಪ್ಯಾಕಿಂಗ್, ಪೆಟ್ರೋಲ್ ಪೈಪ್ ಎಲ್ಲವನ್ನೂ ಬದಲಿಸಿ, ಹಳೆಯ ರಬ್ಬರ್ ಎಥೆನಾಲ್‌ಗೆ ಉಬ್ಬುತ್ತದೆ, ಬಿರಿಯುತ್ತದೆ. ಅಂಗಡಿಯಲ್ಲಿ ವೈಟನ್ ರಬ್ಬರ್ ಎಂದೇ ಕೇಳಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನೀರು ಜಾಸ್ತಿಯಾದರೆ ಬೇರ್ಪಟ್ಟು ಬೌಲ್ ತಳದಲ್ಲಿ ನಿಲ್ಲುತ್ತದೆ. ಬೌಲ್ ಒಳಗೆ ಸುಣ್ಣದ ಪುಡಿಯಂಥ ಬಿಳಿ ಪೊರೆ ಕಂಡರೆ ಬಾಡಿಯ ಲೋಹವೇ ಕರಗುತ್ತಿದೆ. ಬ್ರಷ್‌ನಿಂದ ಹೋದರೆ ಸರಿ. ಕೆಳಗೆ ಗುಂಡಿ ಬಿದ್ದು ಸಣ್ಣ ದಾರಿಗಳು ಮುಚ್ಚಿದ್ದರೆ ಆ ಕಾರ್ಬುರೇಟರ್‌ಗೆ ಕಿಟ್ ಹಾಕಿಸಬೇಡಿ.

ಚುಟುಕಾಗಿ

*ಸೀಮೆಎಣ್ಣೆಯಲ್ಲಿ ಕಾರ್ಬುರೇಟರ್ ನೆನೆಸಬಹುದೇ? (ಗದಗ)* ಹೊರಗಿನ ಜಿಡ್ಡಿಗೆ ಆಗಬಹುದು, ಜೆಟ್‌ನ ಅಂಟಿಗೆ ಸಾಲದು. ರಬ್ಬರ್ ಯಾವುದೂ ಒಳಗಿರಬಾರದು. ಬಿಸಿನೀರಿನ ಅಲ್ಟ್ರಾಸಾನಿಕ್ ತೊಟ್ಟಿ ಇರುವ ಗ್ಯಾರೇಜ್ ಸಿಕ್ಕರೆ ಅದು ಎಲ್ಲಕ್ಕಿಂತ ಮೇಲು, ಆದರೆ ಕಾಸ್ಟಿಕ್ ಸೋಡಾ ಹಾಕಿದರೆ ಬಾಡಿ ಕಪ್ಪಾಗಿ ತಿಂದುಹೋಗುತ್ತದೆ.

*ಮಿಕ್ಸ್ಚರ್ ಸ್ಕ್ರೂ ಬಿಗಿದರೆ ಮೈಲೇಜ್ ಏರುತ್ತದಂತೆ? (ತುಮಕೂರು)* ಆ ಸ್ಕ್ರೂ ಕೆಲಸ ಸ್ಲೋದಿಂದ ಎಂಟನೇ ಒಂದು ಪಾಲು ರೇಸ್‌ವರೆಗೆ ಮಾತ್ರ. ರಸ್ತೆಯ ಮೈಲೇಜ್ ಅದರ ಕೈಯಲ್ಲಿಲ್ಲ. ಪೆಟ್ರೋಲ್ ಅತಿಯಾಗಿ ಕಡಿಮೆ ಮಾಡಿದರೆ ರೇಸ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಸಿಡಿಯುತ್ತದೆ, ಬೆಂಡ್ ಪೈಪ್ ನೀಲಿಯಾಗುತ್ತದೆ.

*ಹೊಸದಾಗಿ ಕೊಂಡ ಒರಿಜಿನಲ್ ಕಾರ್ಬುರೇಟರ್ ನೇರ ಹಾಕಿದರೆ ಸಾಕೇ? (ಬಳ್ಳಾರಿ)* ಸಾಲದು. ಬೌಲ್ ಒಮ್ಮೆ ಬಿಚ್ಚಿ ಒಳಗೆ ಲೋಹದ ಚೂರು ಇಲ್ಲವೆಂದು, ಜೆಟ್‌ಗಳು ಬಿಗಿಯಾಗಿವೆಯೆಂದು, ಫ್ಲೋಟ್ ಅಳತೆ ಸರಿಯಿದೆಯೆಂದು ನೋಡಿ. ಫ್ಲೋಟ್ ಅಳೆಯುವಾಗ ಕಾರ್ಬುರೇಟರ್ ಓರೆಯಾಗಿ ಹಿಡಿಯಬೇಕು, ಫ್ಲೋಟ್‌ನ ನಾಲಿಗೆಯು ವಾಲ್ವ್‌ನ ಸ್ಪ್ರಿಂಗನ್ನು ಮುಟ್ಟಿರಬೇಕು, ಒತ್ತಿರಬಾರದು. ಪೆಟ್ಟಿಗೆ ಮೇಲಿನ ಪಾರ್ಟ್ ನಂಬರನ್ನು ನಿಮ್ಮ ಮಾಡೆಲ್ ವರ್ಷಕ್ಕೆ ಹೋಲಿಸಿ ಬಿಲ್ ತೆಗೆದುಕೊಳ್ಳಿ. ಒಂದೇ ಹೆಸರಿನ ಬೈಕಿಗೆ ವರ್ಷದಿಂದ ವರ್ಷಕ್ಕೆ ಜೆಟ್ ಬದಲಾಗಿರುವುದುಂಟು.